ಕಬೂಸಿನ ಮೇಲುಗೂಡಿನಲ್ಲಿ

ಹೆಲ್ಮೆಟ್ಟನ್ನು ನಾನು ಹೊರಗೆ ನೇತುಹಾಕಿದ್ದೆನೋ ಇಲ್ಲವೋ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದೆ ಎಂದು ಎರಡು ದಿನ ನಂಬಿದ್ದೆ. ಆ ಎರಡು ದಿನ ಒಬ್ಬ ವೆಲ್ಡರನ ಕೆಲಸ ಮತ್ತು ವೀಸಾ ನನ್ನ ಆ ನಂಬಿಕೆಯ ಮೇಲೆ ನಿಂತಿದ್ದವು.

ಆಗ ನಾನು ಕೊಲ್ಲಿ ನಾಡಿನ ಮುಸಫ್ಫಾದ ಒಂದು ಫ್ಯಾಬ್ರಿಕೇಶನ್ ಯಾರ್ಡಿನಲ್ಲಿ ಇಂಜಿನಿಯರ್. ಟ್ಯಾಂಕು, ಏಣಿ, ಪೈಪು ಕೂರಿಸುವ ಚೌಕಟ್ಟು ಮಾಡಿಕೊಡುವುದು ನಮ್ಮ ಕೆಲಸ. ಆ ಬೇಸಗೆಯಲ್ಲಿ ಸಮುದ್ರದಂಡೆಯ ಹೋಟೆಲೊಂದರವರು, ತಮ್ಮ ಅಂಗಳದಲ್ಲಿ ಐಸ್‌ಕ್ರೀಮ್ ಅಂಗಡಿ ಮಾಡಲೆಂದು, ಅಮೆರಿಕದ ಗೂಡ್ಸ್ ಗಾಡಿಯ ತುದಿಯ ಹಳೆಯ ಗಾರ್ಡ್ ಡಬ್ಬಿಯೊಂದನ್ನು ಹಡಗಿನಲ್ಲಿ ತರಿಸಿದರು. ಊರಲ್ಲಿ ಒಂದು ಅಡಿ ಹಳಿಯೂ ಇಲ್ಲ, ಗಾಡಿಯ ಬಾಲ ಮಾತ್ರ ಬಂತು. ತುಕ್ಕು ತೆಗೆದು ಬಣ್ಣ ಬಳಿದು ಕೊಡುವ ಕೆಲಸ ನಮ್ಮ ಪಾಲಿಗೆ ಬಿತ್ತು. ಇದಕ್ಕೆ ಅಮೆರಿಕದಲ್ಲಿ ಕಬೂಸ್ ಅನ್ನುತ್ತಾರೆ ಎಂದು ನಾನು ಹೇಳಿದ್ದೇ ತಡ, ದಿನಾ ಕುಬೂಸ್ ರೊಟ್ಟಿ ತಿನ್ನುವ ಯಾರ್ಡಿನವರಿಗೆ ತಮಾಷೆ ಸಿಕ್ಕಿತು.

"ಇಷ್ಟು ದೊಡ್ಡ ಕುಬೂಸಿಗೆ ಸಾಂಬಾರ್ ಎಲ್ಲಿಂದ ತರುವುದು ಸಾರ್?" ಎಂದವನು ಉಡುಪಿ ಕಡೆಯ ನಮ್ಮ ವೆಲ್ಡರ್. ನನ್ನದೇ ವಯಸ್ಸು. ಕೈ ಚುರುಕು, ಬಾಯಿ ಇನ್ನೂ ಚುರುಕು.

ನನಗೆ ಆ ಡಬ್ಬಿಯ ಮೇಲೆ ಬೇರೆ ಮೋಹವಿತ್ತು. ನನ್ನ ಅಪ್ಪ ಹುಬ್ಬಳ್ಳಿಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವರು. ನಮ್ಮ ಕಡೆಯ ಗಾರ್ಡ್ ಡಬ್ಬಿ ಸರಳವಾದದ್ದು: ನಡುವೆ ಒಂದು ಕೋಣೆ, ಆಚೀಚೆ ತೆರೆದ ಪಡಸಾಲೆ, ಕೈಯಿಂದ ತಿರುಗಿಸುವ ಬ್ರೇಕಿನ ಚಕ್ರ. ಅಮೆರಿಕದವರು ಇದಕ್ಕೆ ಒಂದು ಮನೆಯನ್ನೇ ಸೇರಿಸಿದ್ದರು. ಕಬ್ಬಿಣದ ಒಲೆ, ಮಲಗಲು ಬೆಂಚು. ಎಲ್ಲಕ್ಕಿಂತ ವಿಶೇಷವೆಂದರೆ ಚಾವಣಿಯ ನಡುವೆ ಎದ್ದುನಿಂತ ಕಿಟಕಿಗಳ ಗೂಡು. ಗಾರ್ಡ್ ಹತ್ತಿ ಅದರ ಸೀಟಿನಲ್ಲಿ ಕೂತರೆ ಇಡೀ ಗಾಡಿಯ ಬೆನ್ನು ಕಾಣುತ್ತಿತ್ತು, ಯಾವ ಚಕ್ರದ ಅಚ್ಚು ಕಾದು ಹೊಗೆಯಾಡುತ್ತಿದೆ ಎಂದು ತಿಳಿಯುತ್ತಿತ್ತು. ಮುಂದೆ ಆ ಕೆಲಸವನ್ನು ಗಾಡಿಯ ತುದಿಗೆ ಸಿಕ್ಕಿಸುವ ಪುಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆ ಮತ್ತು ಹಳಿಬದಿಯ ಯಂತ್ರಗಳು ವಹಿಸಿಕೊಂಡವು. ಕಬೂಸುಗಳು ಗುಜರಿಗೆ ಹೋದವು. ಉಳಿದವನ್ನು ಕೆಲವರು ವಸ್ತುಸಂಗ್ರಹಾಲಯಕ್ಕೆ ಒಯ್ದರು, ಕೆಲವರು ತೋಟದಮನೆ ಮಾಡಿಕೊಂಡರು. ನನ್ನಂಥವರು ಶುಕ್ರವಾರದ ರಜೆಯಲ್ಲಿ ಊಟದ ಮೇಜಿನ ಮೇಲೆ ಅವುಗಳ ಗೇಣುದ್ದದ ಮಾದರಿ ಮಾಡುತ್ತಾ ಕೂರುತ್ತಿದ್ದೆವು. ಈ ಡಬ್ಬಿಯ ಮಾದರಿಯನ್ನೂ ಫೋಟೋ ನೋಡಿ ರಟ್ಟಿನಲ್ಲಿ ಶುರು ಮಾಡಿದ್ದೆ. ಮೇಲುಗೂಡಿನ ಸೀಟುಗಳ ಅಳತೆ ಮಾತ್ರ ಬೇಕಿತ್ತು.

ಯಾರ್ಡಿನಲ್ಲಿ ಒಂದು ಕಟ್ಟಳೆಯಿತ್ತು. ಟ್ಯಾಂಕಿನೊಳಗೆ ಇಳಿಯುವವನು ತನ್ನ ಹೆಲ್ಮೆಟ್ಟನ್ನು ಅದರ ಬಾಯಿಯ ಹತ್ತಿರ ಹೊರಗೆ ನೇತುಹಾಕಬೇಕು. ಹೆಲ್ಮೆಟ್ ಇದೆ ಎಂದರೆ ಮನುಷ್ಯ ಒಳಗಿದ್ದಾನೆ, ಮುಚ್ಚಬಾರದು.

ಗುರುವಾರ ಬೆಳಿಗ್ಗೆ ಡಬ್ಬಿಗೆ ಮರಳು ಹೊಡೆಯುವುದಿತ್ತು. ಗಾಳಿಯ ಒತ್ತಡದಲ್ಲಿ ಹರಳು ಚಿಮ್ಮಿಸಿ ಕಬ್ಬಿಣದ ತುಕ್ಕನ್ನು ಕಿತ್ತು ತೆಗೆಯುವ ಕೆಲಸ ಅದು. ಒಳಗೆ ಮರಳು ನುಗ್ಗದಂತೆ ಕಿಟಕಿಗಳಿಗೆಲ್ಲ ಹಿಂದಿನ ದಿನವೇ ತಗಡು ಹೊಡೆದಿದ್ದರು, ಒಂದು ತುದಿಯ ಬಾಗಿಲನ್ನೂ ಬಂದ್ ಮಾಡಿದ್ದರು. ಇನ್ನೊಂದು ಬಾಗಿಲು ತೆರೆದಿತ್ತು. ಚಹಾ ಮುಗಿದ ಮೇಲೆ ಕೆಲಸ ಶುರುವಾಗುತ್ತದೆ ಎಂದುಕೊಂಡು ನಾನು ಟೇಪು ಹಿಡಿದು ಒಳಗೆ ಹೋದೆ. ಫೋನು ನಮ್ಮ ಆಫೀಸಾದ ಪೋರ್ಟಾ ಕ್ಯಾಬಿನ್ನಿನ ಮೇಜಿನ ಮೇಲೆಯೇ ಉಳಿದಿತ್ತು. ಬಾಗಿಲ ಪಕ್ಕದ ಹಿಡಿಗಂಬಿಗೆ ಹೆಲ್ಮೆಟ್ ಸಿಕ್ಕಿಸಿದೆ. ಬೆವರಿಗೆ ಕಪ್ಪಾದ ಅದರ ಪಟ್ಟಿ ಗಾಳಿಗೆ ಅಲ್ಲಾಡಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಮೇಲುಗೂಡಿಗೆ ಹತ್ತಿ ಸೀಟಿನ ಮೇಲೆ ಮಗ್ಗುಲಾಗಿ ಒರಗಿ ಬೆನ್ನಾಸರೆಯ ಎತ್ತರ ಅಳೆಯುತ್ತಿದ್ದೆ. ಪಕ್ಕದ ಶೆಡ್ಡಿನಲ್ಲಿ ಗ್ರೈಂಡರ್ ಕಿರುಚುತ್ತಿತ್ತು. ಸೆಕೆಗೆ ಕಣ್ಣು ಮುಚ್ಚಿದೆನೋ ಏನೋ. ಇದ್ದಕ್ಕಿದ್ದಂತೆ ಬೆಳಕು ಹೋಯಿತು. ಗಾಳಿಗೆ ಬಾಗಿಲು ಹಾಕಿಕೊಂಡಿತು ಅಂದುಕೊಂಡೆ. ಆಮೇಲೆ ಬಾಗಿಲ ಸಂದಿಯಲ್ಲಿ ನೀಲಿ ಬೆಳಕು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಚಿಟಚಿಟನೆ ಮಿಂಚಿತು. ಅದೇನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಾಗಿಲು ತೆರೆಯದಂತೆ ಚೌಕಟ್ಟಿಗೆ ಬೆಸುಗೆಯ ಚುಕ್ಕೆ ಹಾಕುತ್ತಿದ್ದರು.

ಕತ್ತಲಲ್ಲಿ ಜಾರಿ ಬಿದ್ದು, ಮೊಣಕಾಲು ಒಲೆಗೆ ಬಡಿದು, ಬಾಗಿಲಿಗೆ ಹೋಗಿ ಕೂಗುವಷ್ಟರಲ್ಲಿ ಕಂಪ್ರೆಸರ್ ಎದ್ದುಬಿಟ್ಟಿತು. ನನ್ನ ಕೂಗು ನನಗೇ ಕೇಳಲಿಲ್ಲ. ಮರುಕ್ಷಣ ಹೊರಗಿನಿಂದ ಹರಳು ಬಡಿಯತೊಡಗಿತು. ಅದು ಸದ್ದು ಅಂತ ಅನ್ನಿಸಲಿಲ್ಲ. ಗೋಡೆಗಳೇ ಹಲ್ಲು ಕಡಿಯುತ್ತಿದ್ದವು. ಗೋಡೆಯಿಂದ ಚಾವಣಿಗೆ, ಚಾವಣಿಯಿಂದ ನನ್ನ ನೆತ್ತಿಯ ಮೇಲಕ್ಕೆ ಸರಿಯುತ್ತಿತ್ತು. ಸಂದಿಗಳಿಂದ ನುಸುಳಿದ ಹುಡಿ ನಾಲಿಗೆಯ ಮೇಲೆ ಕೂತಿತು. ಬನಿಯನ್ ಬಿಚ್ಚಿ ಮೂಗು ಬಾಯಿಗೆ ಒತ್ತಿ ಹಿಡಿದೆ. ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಮರಳು ಹೊಡೆಯುವವನ ತಲೆಗೆ ಗಾಳಿಯ ಪೈಪು ಸಿಕ್ಕಿಸಿದ ಮುಸುಕು ಇರುತ್ತದೆ. ಅವನಿಗೆ ಗುಡುಗೂ ಕೇಳುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಹೆಚ್ಚು ಭಯವಾಯಿತು. ಏನೂ ತಿಳಿಯದವನಾಗಿದ್ದರೆ ಕೂಗುತ್ತಲಾದರೂ ಇರುತ್ತಿದ್ದೆ.

ಅಲ್ಲಿ ನೆಲದ ಮೇಲೆ ಕೂತಾಗ ನನಗೆ ನೆನಪಾದದ್ದು ಅಪ್ಪನ ಡಬ್ಬಿ. ಘಟ್ಟದ ಸುರಂಗದೊಳಗೆ ಗಾಡಿ ನಿಂತುಹೋಗಿದೆ. ಹಿಂದಿನಿಂದ ಇನ್ನೊಂದು ಗಾಡಿ ಬಂದು ಗುದ್ದಬಾರದೆಂದು ಅಪ್ಪ ಕೆಂಪು ಬಾವುಟ ಹಿಡಿದು, ಎಚ್ಚರಿಕೆಗೆ ಹಳಿಯ ಮೇಲಿಡುವ ಪಟಾಕಿ ತೆಗೆದುಕೊಂಡು, ಸುರಂಗದ ಬಾಯಿಯ ಕಡೆಗೆ ನಡೆದುಹೋಗಿದ್ದಾರೆ. ನಾನೊಬ್ಬನೇ ಡಬ್ಬಿಯಲ್ಲಿ. ಬ್ರೇಕಿನ ಚಕ್ರ ಮುಟ್ಟಬೇಡ ಎಂದಿದ್ದಾರೆ. ಸೀಮೆಎಣ್ಣೆ ದೀಪದ ವಾಸನೆ. ಹಿಂದಿನಿಂದ ಏನೋ ಬರುತ್ತಿದೆ ಎಂದು ಕಾಯುತ್ತಾ ಕೂತಿದ್ದೇನೆ. ಈ ಕಥೆಯನ್ನು ನಾನು ಸ್ನೇಹಿತರಿಗೆ ಎಷ್ಟೋ ಸಲ ಹೇಳಿದ್ದೆ. ಆವತ್ತು ಅಪ್ಪ ವಾಪಸು ಬಂದಿದ್ದರು. ಆದ್ದರಿಂದ ಈಗಲೂ ಯಾರಾದರೂ ಬರುತ್ತಾರೆ ಎಂಬುದನ್ನು ಬಿಗಿಯಾಗಿ ಹಿಡಿದುಕೊಂಡೆ.

ಹರಳು ತುಂಬಲೋ ಏನೋ, ಕಂಪ್ರೆಸರ್ ಒಮ್ಮೆ ಇಳಿಯಿತು. ಒಲೆಯ ಮುಚ್ಚಳ ಕಿತ್ತುಕೊಂಡು ಬಾಗಿಲಿಗೆ ಬಡಿದೆ. ಬಡಿಯುವುದನ್ನು ನಿಲ್ಲಿಸಲಿಲ್ಲ. ಹೊರಗೆ ಯಾರೋ ಓಡಿಬಂದರು, ಗ್ರೈಂಡರಿನ ಕಿಡಿ ಒಳಗೆ ಹಾರಿತು, ಬಾಗಿಲು ತೆರೆಯಿತು. ಎದುರಿಗೆ ಅದೇ ವೆಲ್ಡರ್. ಅವನ ಮುಖ ಸುಣ್ಣದಂತಾಗಿತ್ತು.

"ಅಯ್ಯೋ ಮಾರಾಯ್ರೆ, ನೀವು ಒಳಗೆ ಎಲ್ಲಿದ್ದದ್ದು?" ಅಂದ. "ನಾನು ನೋಡಿಯೇ ಮುಚ್ಚಿದ್ದಲ್ಲಾ?"

ಯಾರೋ ತಲೆಗೆ ನೀರು ಸುರಿದರು, ಯಾರೋ ಲಬಾನ್ ಮಜ್ಜಿಗೆಯ ಬಾಟಲಿ ಬಾಯಿಗಿಟ್ಟರು. ನಾನು ಒಂದು ಗಂಟೆ ಒಳಗಿದ್ದೆ ಎಂದು ಇವತ್ತಿಗೂ ನನ್ನ ಮೈ ಹೇಳುತ್ತದೆ. ಅಷ್ಟು ಹೊತ್ತಾಗಿರಲಿಲ್ಲ, ಒಂದು ಸಿಗರೇಟು ಸೇದುವಷ್ಟು ಹೊತ್ತು ಎಂದು ಉಳಿದವರೆಲ್ಲ ಹೇಳಿದರು.

ಮ್ಯಾನೇಜರ್ ಬಂದರು. ವೆಲ್ಡರ್ ಹೇಳಿದ್ದು ಇಷ್ಟು: ಬಾಗಿಲಲ್ಲಿ ನಿಂತು ಒಳಗೆ ನೋಡಿದೆ, ಕೂಗಿದೆ, ಡಬ್ಬಿ ಖಾಲಿಯಿತ್ತು, ಹೆಲ್ಮೆಟ್ ಇರಲಿಲ್ಲ. ನಾನು ಹೇಳಿದ್ದು: ಹೆಲ್ಮೆಟ್ ಹಿಡಿಗಂಬಿಯಲ್ಲಿತ್ತು. ಹುಡುಕಿದಾಗ ಅದು ಡಬ್ಬಿಯ ಅಡಿಯ ಮರಳಿನಲ್ಲಿ ಸಿಕ್ಕಿತು. ಗಾಳಿಗೆ ಬಿದ್ದಿರಬಹುದು, ಯಾರಾದರೂ ತೆಗೆದು ಎಸೆದಿರಬಹುದು, ಹತ್ತುವಾಗ ನನ್ನ ಕೈಯಿಂದಲೇ ಜಾರಿರಬಹುದು. ಮ್ಯಾನೇಜರಿಗೆ ಅಷ್ಟು ಸಾಧ್ಯತೆಗಳು ಬೇಕಿರಲಿಲ್ಲ. ಶನಿವಾರ ಹೋಟೆಲಿನ ಸುರಕ್ಷತಾ ಅಧಿಕಾರಿ ಬರುತ್ತಾರೆ, ಅವರ ಮುಂದೆ ಇದನ್ನೇ ಹೇಳಿ ಎಂದರು ನನಗೆ. ಹೆಲ್ಮೆಟ್ ಇತ್ತು ಎಂದು ನೀವು ಹೇಳಿದರೆ ಇವನು ಖಲಾಸ್, ಮುಂದಿನ ವಿಮಾನಕ್ಕೆ ಊರಿಗೆ ಎಂದೂ ಸೇರಿಸಿದರು. ವೆಲ್ಡರ್ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ. ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ಖಚಿತವಾಗಿತ್ತು. ಖಾಲಿ ಎಂದು ಹೇಗೆ ಹೇಳುತ್ತಾನೆ, ನಾನು ಅಲ್ಲೇ ಇದ್ದೆನಲ್ಲ?

ಶುಕ್ರವಾರ ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಫ್ಲಾಟಿನಲ್ಲಿ ಬಚ್ಚಲ ಬಾಗಿಲು ಹಾಕಿಕೊಳ್ಳಲೂ ನನಗೆ ಆಗಲಿಲ್ಲ. ಲಿಫ್ಟಿನಲ್ಲಿ ಇಳಿಯಲಾಗದೆ ಜುಮ್ಮಾ ನಮಾಜಿನ ಹೊತ್ತಿಗೆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹೆಂಡತಿ ಬಂದು ಪಕ್ಕದಲ್ಲಿ ಕೂತಳು. ಅವಳಿಗೆ ಎಲ್ಲ ಹೇಳಿದೆ, ಸುರಂಗದ ನೆನಪೂ ಸೇರಿದಂತೆ.

"ರೀ, ಆ ಸುರಂಗದ್ದು ನಿಮ್ಮಕ್ಕನ ಕಥೆ ಅಲ್ವಾ? ನಮ್ಮ ಮದುವೇಲಿ ಅವರೇ ನಂಗೆ ಹೇಳಿದ್ರು."

ಫೋನ್ ಕಾರ್ಡು ಗೀಚಿ ಹುಬ್ಬಳ್ಳಿಗೆ ಹಚ್ಚಿದೆ. ಅಕ್ಕ ನಕ್ಕಳು.

"ಏ ತಮ್ಮಾ, ಆ ಡಬ್ಬ್ಯಾಗ ಕುಂತಾಕಿ ನಾನು. ನೀ ಇನ್ನೂ ಅವ್ವನ ಸೆರಗ ಹಿಡಕೊಂಡು ಅಡ್ಡಾಡ್ತಿದ್ದಿ. ನಿನಗ ಹೇಳಿ ಹೇಳಿ ಅಂಜಿಸಿದ್ದೂ ನಾನ."

ಅಪ್ಪ ಇರಲಿಲ್ಲ, ಕೇಳಲು. ಅಕ್ಕನ ನೆನಪೇ ಸರಿ ಎಂದು ನಂಬುವುದಕ್ಕೂ ಆಧಾರವಿಲ್ಲ. ಬಾವುಟ ಹಸಿರು ಇತ್ತು ಎಂದಳು, ಹಾಗಿರಲು ಸಾಧ್ಯವೇ ಇಲ್ಲ. ಆದರೆ ಫೋನ್ ಇಟ್ಟ ಮೇಲೆ ನನಗೆ ಆದ ಭಯ ಡಬ್ಬಿಯೊಳಗಿನದಕ್ಕಿಂತ ಬೇರೆ ತರಹದ್ದು. ಸೀಮೆಎಣ್ಣೆಯ ವಾಸನೆಯ ಸಮೇತ ಇದ್ದ ನೆನಪು ನನ್ನದಲ್ಲದಿದ್ದರೆ, ಪಟ್ಟಿ ಅಲ್ಲಾಡಿದ ಹೆಲ್ಮೆಟ್ ಯಾರದು? ಯಾರ್ಡಿಗೆ ಬಂದಾಗಿನಿಂದ ನೂರು ಟ್ಯಾಂಕುಗಳ ಬಾಯಲ್ಲಿ ಹೆಲ್ಮೆಟ್ ನೇತುಹಾಕಿದ್ದೆ. ಅದರಲ್ಲಿ ಯಾವುದೋ ಒಂದನ್ನು ತಂದು ಈ ಹಿಡಿಗಂಬಿಗೆ ಸಿಕ್ಕಿಸಿರಬಹುದು ನನ್ನ ತಲೆ. ಡಬ್ಬಿ ನನ್ನ ಕಣ್ಣಿಗೆ ಮನೆಯಂತಿತ್ತು. ಮನೆಯೊಳಗೆ ಹೋಗುವವನು ಹೆಲ್ಮೆಟ್ ನೇತುಹಾಕುತ್ತಾನೆಯೇ?

ಕೈ ಸುಮ್ಮನಿರಲಿಲ್ಲ. ಮೇಜಿನ ಮೇಲಿದ್ದ ರಟ್ಟಿನ ಕಬೂಸಿಗೆ, ಅಳೆದುಕೊಂಡು ಬಂದಿದ್ದ ಲೆಕ್ಕದಲ್ಲೇ, ಮೇಲುಗೂಡಿನ ಸೀಟುಗಳನ್ನು ಕತ್ತರಿಸಿ ಅಂಟಿಸಿದೆ. ಚಾವಣಿ ಇಟ್ಟೆ. ಅಂಟು ನೆಟ್ಟಗಿದೆಯೇ ಎಂದು ಬಾಗಿಲಿನಿಂದ ಒಂದು ಕಣ್ಣು ಹಾಯಿಸಿದೆ. ಒಲೆ ಕಂಡಿತು, ಬೆಂಚು ಕಂಡಿತು, ಆಚೆ ತುದಿಯ ಬಾಗಿಲು ಕಂಡಿತು. ಸೀಟು ಕಾಣಲಿಲ್ಲ. ತಲೆ ಓರೆ ಮಾಡಿ ನೋಡಿದೆ. ಕಾಣಲಿಲ್ಲ. ಈಗಷ್ಟೇ ನನ್ನ ಕೈಯಾರೆ ಅಂಟಿಸಿದ ಸೀಟು, ಚಾವಣಿಯ ಅಂಚಿನ ಹಿಂದೆ ಪೂರ್ತಿ ಮರೆಯಾಗಿತ್ತು.

ವೆಲ್ಡರ್ ನೋಡಿಯೇ ಮುಚ್ಚಿದ್ದ. ನಮ್ಮ ದೇಶದ ಗಾರ್ಡ್ ಡಬ್ಬಿಯಲ್ಲಿ ಹಾಗೆ ನೋಡಿದ್ದರೆ ಸಾಕಾಗುತ್ತಿತ್ತು. ಅಲ್ಲಿ ಮೇಲೆ ಕೂರುವ ಜಾಗವೇ ಇಲ್ಲ. ಖಾಲಿ ಡಬ್ಬಿಯ ನೆತ್ತಿಯಲ್ಲಿ ಒಬ್ಬ ಮನುಷ್ಯ ಒರಗಿರಬಹುದೆಂದು ಅವನಿಗೇಕೆ ಹೊಳೆಯಬೇಕು?

ಶನಿವಾರ ಪೋರ್ಟಾ ಕ್ಯಾಬಿನ್ನಿನಲ್ಲಿ ಮ್ಯಾನೇಜರ್, ಹೋಟೆಲಿನ ಅಧಿಕಾರಿ, ಗೋಡೆಗೆ ಒತ್ತಿ ನಿಂತ ವೆಲ್ಡರ್. ಬಾಗಿಲು ತೆರೆದಿಡಿ ಎಂದು ಕೇಳಿಕೊಂಡೆ. ಏಸಿ ಹೋಗುತ್ತದೆ ಎಂದು ಗೊಣಗಿದರೂ ತೆರೆದಿಟ್ಟರು. ಹೆಲ್ಮೆಟ್ ನೇತುಹಾಕಿದ್ದಿರಾ ಎಂದು ಅಧಿಕಾರಿ ಕೇಳಿದರು. ನೇತುಹಾಕಿದ್ದು ಕಣ್ಣಿಗೆ ಕಾಣುತ್ತದೆ, ಆದರೆ ಅದು ನಡೆದದ್ದೇ ಎಂದು ಹೇಳಲಾರೆ ಎಂದೆ. ಇದು ಇಂಜಿನಿಯರ್ ಕೊಡುವ ಉತ್ತರವೇ ಎಂದು ಮ್ಯಾನೇಜರ್ ಸಿಡುಕಿದರು. ನಾನು ಚೀಲದಿಂದ ಮಾದರಿ ತೆಗೆದು ಮೇಜಿನ ಮೇಲಿಟ್ಟೆ. ಮೇಲುಗೂಡಿನ ಸೀಟಿನಲ್ಲಿ ಒಂದು ಬೆಂಕಿಕಡ್ಡಿಯ ತುಂಡು ಮಲಗಿಸಿದ್ದೆ. ಅದು ನಾನು, ಬಾಗಿಲಿನಿಂದ ಹುಡುಕಿ ಎಂದೆ.

ಅಧಿಕಾರಿ ಕನ್ನಡಕ ಹಣೆಗೇರಿಸಿ ಬಗ್ಗಿದರು. ತಿರುಗಿಸಿ ಇನ್ನೊಂದು ಬಾಗಿಲಿನಿಂದಲೂ ನೋಡಿದರು. ಆಮೇಲೆ ಚಾವಣಿ ಎತ್ತಿ, ಕಡ್ಡಿಯನ್ನು ಕಂಡು, ಮಾದರಿಯನ್ನು ಮ್ಯಾನೇಜರ್ ಮುಂದೆ ಸರಿಸಿದರು. ವೆಲ್ಡರನನ್ನು ಕಳಿಸುವ ಮಾತು ಅಲ್ಲಿಗೆ ನಿಂತಿತು. ಒಳಗೆ ಹೋಗಿ, ಮೇಲೆ ಹತ್ತಿ, ಕೈಯಿಂದ ಮುಟ್ಟಿ ನೋಡದೆ ಇನ್ನು ಯಾವುದನ್ನೂ ಮುಚ್ಚಬಾರದು ಎಂದಾಯಿತು.

ಹೊರಗೆ ಬಂದ ಮೇಲೆ ಅವನು ನನ್ನ ಜೊತೆ ಡಬ್ಬಿಯವರೆಗೆ ನಡೆದ. ಮರಳು ಹೊಡೆಯುವುದು ಅರ್ಧಕ್ಕೆ ನಿಂತಿತ್ತು. ಒಂದು ಕಡೆ ತುಸು ಬೆಳ್ಳಗೆ, ಉಳಿದದ್ದು ತುಕ್ಕು. ಅವನು ಒಳಗೆ ಹೋದ. ಮೇಲುಗೂಡಿನಲ್ಲಿ ಅವನ ಬೂಟಿನ ಸದ್ದು ಕೇಳಿತು, ಎರಡೂ ಸೀಟುಗಳನ್ನು ತಟ್ಟಿದ್ದು ಕೇಳಿತು. ಇಳಿದು ಬಂದು ಬಾಗಿಲು ಎಳೆದು ಬೆಸುಗೆಯ ಮುಖವಾಡ ಹಿಡಿದವನು ನನ್ನ ಕಡೆ ತಿರುಗಿದ.

"ಸಾರ್, ನೀವು ಇಲ್ಲೇ ನನ್ನ ಕಣ್ಣೆದುರು ನಿಲ್ಲಿ. ಹಂದಬೇಡಿ."

ನಿಂತೆ. ಸಂದಿಯಲ್ಲಿ ನೀಲಿ ಬೆಳಕು ಚಿಟಚಿಟಿಸಿತು, ಈ ಸಲ ನಾನು ನೋಡುತ್ತಿದ್ದದ್ದು ಹೊರಗಿನಿಂದ. ಬಿಸಿಲು ಬೆನ್ನಿಗೆ ಬಡಿಯುತ್ತಿದ್ದರೂ, ಅವನು ಎರಡನೆಯ ಚುಕ್ಕೆಗೆ ಬಗ್ಗಿದಾಗ, ಒಳಗೆ ಇರುವವನು ನಾನೇ ಅನ್ನಿಸಿ ಎದೆ ಮುಟ್ಟಿ ನೋಡಿಕೊಂಡೆ. ಅವನೂ ಮುಖವಾಡ ಎತ್ತಿ ಮತ್ತೊಮ್ಮೆ ನಾನಿದ್ದೇನೆಯೇ ಎಂದು ನೋಡಿದ.