ಕೊನೆಯ ಪುಟದಿಂದ ಓದಿದವಳು

ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದವಳಿಗೆ ಒಂದು ಅಭ್ಯಾಸ ಅಂಟಿಕೊಂಡಿತ್ತು. ಯಾವ ರಿಪೋರ್ಟು ಕೈಗೆ ಬಂದರೂ ಮೊದಲು ಕೊನೆಯ ಸಾಲಿಗೆ ಕಣ್ಣು ಹೋಗುತ್ತಿತ್ತು. ರೋಗಿಯ ವಯಸ್ಸು, ಮಾದರಿ ತೆಗೆದ ಹೊತ್ತು, ಪರೀಕ್ಷೆಯ ವಿಧಾನ ಎಲ್ಲ ಮೇಲಿರುತ್ತವೆ, ಬೇಕಾದದ್ದು ಕೆಳಗಿರುತ್ತದೆ. ಆ ಅಭ್ಯಾಸ ಅವಳಿಗೆ ಒಮ್ಮೆಯೂ ಕೈಕೊಟ್ಟಿರಲಿಲ್ಲ. ನಲವತ್ತೆರಡನೆಯ ವಯಸ್ಸಿನಲ್ಲಿ ಕಾನೂನು ಕಾಲೇಜಿಗೆ ಸೇರುವವರೆಗೆ.

ಸೇರಿದ್ದಕ್ಕೆ ಕಾರಣ ಒಂದು ಮಧ್ಯಾಹ್ನ. ಅಪಘಾತದ ಕೇಸೊಂದರಲ್ಲಿ ಅವಳು ಕೊಟ್ಟ ರಿಪೋರ್ಟಿನ ಬಗ್ಗೆ ಸಾಕ್ಷಿ ಹೇಳಲು ಕರೆದಿದ್ದರು. ಈ ಅಂಕಿ ಪೂರ್ತಿ ಸರಿಯೇ ಎಂದು ವಕೀಲರು ಕೇಳಿದರು. ಯಂತ್ರ ಕೊಡುವ ಯಾವ ಅಂಕಿಗೂ ಆಚೀಚೆ ಒಂದಿಷ್ಟು ವ್ಯತ್ಯಾಸ ಇರುತ್ತದೆಂದು ವಿವರಿಸಲು ಹೊರಟಳು. ಹೌದೋ ಅಲ್ಲವೋ, ಅಷ್ಟೇ ಹೇಳಿ ಎಂದರು. ಅವಳು ಅಲ್ಲ ಎಂದಳು. ವಕೀಲರು ನಕ್ಕು ಕೂತರು. ಹತ್ತೊಂಬತ್ತು ವರ್ಷದ ಕೆಲಸ ಆ ಒಂದು ನಗುವಿನಲ್ಲಿ ಮುಗಿದುಹೋಯಿತು ಎನಿಸಿ ಅವಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಕಾಲೇಜಿನ ಅರ್ಜಿ ತಂದಳು.

ಅತ್ತೆ ಅರ್ಜಿಯನ್ನು ಕನ್ನಡಕದ ಹತ್ತಿರ ಹಿಡಿದು ನೋಡಿ, "ಒಬ್ಬ ವಕೀಲ ಕಚ್ಚಿದ ಅಂತ ನೀನೂ ವಕೀಲಳಾಗೋದಾ? ನಾಯಿ ಕಚ್ಚಿದ್ರೆ ಏನ್ ಮಾಡ್ತಿದ್ಯೋ ತಾಯಿ," ಎಂದರು. ಹಾಗೆಂದವರೇ ಮರುದಿನದಿಂದ ಬೆಳಗಿನ ಅಡುಗೆಯನ್ನು ತಮ್ಮ ಪಾಲಿಗೆ ಹಾಕಿಕೊಂಡರು.

ಲ್ಯಾಬಿನ ಮುಖ್ಯಸ್ಥರು ಮಾತ್ರ ಕಡ್ಡಿ ಮುರಿದಂತೆ ಹೇಳಿದ್ದರು. ಒಂದು ವರ್ಷ ಅವಳಿಗೆ ಮಧ್ಯಾಹ್ನದ ಪಾಳಿಯೊಂದೇ. ಮೊದಲ ವರ್ಷ ಪಾಸಾದರೆ ಆ ಏರ್ಪಾಡು ಮುಂದುವರಿಯುತ್ತದೆ. ಒಂದು ವಿಷಯ ಉಳಿದರೂ ಎಲ್ಲರಂತೆ ಮೂರು ಪಾಳಿಗೆ ಮರಳಬೇಕು. ಮೂರು ಪಾಳಿಯಲ್ಲಿ ತಿರುಗುವವರು ಬೆಳಗಿನ ತರಗತಿಗೆ ಬರುವುದು ಆಗದ ಮಾತು. ಅಂದರೆ ಅವಳಿಗೆ ಇದ್ದದ್ದು ಒಂದೇ ವರ್ಷ, ಒಂದೇ ಸಲ.

ಮೊದಲ ವರ್ಷ ಕಾನೂನು ಕಲಿಯುತ್ತೇವೆ ಎಂದುಕೊಂಡವರು ಮೊದಲು ಕಲಿಯುವುದು ನಿಲ್ಲುವುದನ್ನು. ಕರಾರು ಕಾನೂನಿನ ಮೇಷ್ಟ್ರು ಮೇಜಿನ ಮೇಲೆ ಸ್ಟೀಲಿನ ಲೋಟ ಇಡುತ್ತಿದ್ದರು. ಅದರಲ್ಲಿ ಅರವತ್ತೆರಡು ಚೀಟಿ, ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ. ಚೀಟಿ ಬಂದವರು ಎದ್ದು ನಿಂತು, ಹಿಂದಿನ ದಿನ ಓದಲು ಕೊಟ್ಟ ತೀರ್ಪಿನ ಬಗ್ಗೆ ಅವರು ಸಾಕು ಎನ್ನುವವರೆಗೆ ಉತ್ತರಿಸಬೇಕು. ಒಂದು ತೀರ್ಪು ಎಂದರೆ ಕೆಲವೊಮ್ಮೆ ಎಂಬತ್ತು ಪುಟ. ದಿನಕ್ಕೆ ಮೂರು ತೀರ್ಪು. ಲೋಟ ಕುಲುಕಿದ ಸದ್ದಿಗೆ ಇಡೀ ಕೋಣೆಯ ಕತ್ತುಗಳು ಬಗ್ಗುತ್ತಿದ್ದವು. ಚೀಟಿ ಮತ್ತೆ ಲೋಟಕ್ಕೇ ಬೀಳುತ್ತಿದ್ದರಿಂದ, ನಿನ್ನೆ ನಿಂತವರಿಗೆ ಇಂದು ನೆಮ್ಮದಿ ಎಂದೇನೂ ಇರಲಿಲ್ಲ. ಅವಳು ಇದನ್ನು ಲೆಕ್ಕ ಹಾಕಿಯೇ ನೋಡಿದ್ದಳು: ದಿನಕ್ಕೆ ನಾಲ್ಕು ಚೀಟಿ ಎಂದರೆ ತನ್ನ ಸರದಿ ಹದಿನೈದು ದಿನಕ್ಕೊಮ್ಮೆ. ಮೊದಲ ವಾರದಲ್ಲೇ ಮೂರು ಸಲ ಬಂತು. ಲೆಕ್ಕ ಸುಳ್ಳಲ್ಲ, ಲೋಟಕ್ಕೆ ಲೆಕ್ಕ ಬರುವುದಿಲ್ಲ, ಅಷ್ಟೇ.

ಮೊದಲ ಸಲ ಎದ್ದಾಗ, ಪ್ರಕರಣದಲ್ಲಿ ಏನಾಯಿತೆಂದು ಮೇಷ್ಟ್ರು ಕೇಳಿದರು. ಅವಳು ತಕ್ಷಣ, ಮಾರಿದವನು ಸೋತ ಎಂದಳು.

"ಯಾರು ಸೋತರು ಅಂತ ನಾನು ಕೇಳ್ಲಿಲ್ಲ. ಏನಾಯ್ತು ಅಂತ ಕೇಳ್ದೆ."

ತರಗತಿ ಕಿಸಕ್ಕೆಂದಿತು. ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಅವರೆಲ್ಲರಿಗೂ ಅವಳು ಲ್ಯಾಬ್ ಅಕ್ಕ. ಅವಳ ಪಕ್ಕ ಕೂರುತ್ತಿದ್ದ ಹುಡುಗಿಗೆ ಪಟಾಕಿ ಎಂಬ ಹೆಸರು. ಬಾಯಿ ಬಿಟ್ಟರೆ ಸರ ಪೂರ್ತಿ ಸುಟ್ಟೇ ನಿಲ್ಲುತ್ತಿತ್ತು. ಅಕ್ಕ ಓದುವುದು, ಪಟಾಕಿ ಸಿಡಿಯುವುದು ಎಂದು ಇಬ್ಬರೂ ಜೊತೆಯಾದರು. ವರ್ಷದ ಕೊನೆಗೆ ಅಣಕು ನ್ಯಾಯಾಲಯದಲ್ಲಿ ಜೋಡಿಯಾಗಿ ವಾದಿಸಬೇಕಿತ್ತು. ಜೋಡಿಗೆ ಒಂದೇ ಅಂಕ, ಲಿಖಿತ ವಾದಕ್ಕೆ ಅರ್ಧ, ಬಾಯಿವಾದಕ್ಕೆ ಅರ್ಧ. ಐವತ್ತಕ್ಕೆ ಇಪ್ಪತ್ತೈದು ಬರದಿದ್ದರೆ ಇಬ್ಬರೂ ಅದೇ ತರಗತಿಯಲ್ಲಿ.

ಅವರಿಗೆ ಸಿಕ್ಕ ಕೇಸು ಸರಳವಾಗಿತ್ತು. ಹೂವಿನ ವ್ಯಾಪಾರಿಯೊಬ್ಬ ಶೀತಲ ಗೋದಾಮಿನಲ್ಲಿ ಸರಕು ಇಟ್ಟ. ಗೋದಾಮಿನವರು ಯಂತ್ರ ಕೆಟ್ಟಿದ್ದು ಗೊತ್ತಿದ್ದೂ ರಿಪೇರಿ ಮಾಡಿಸಲಿಲ್ಲ. ಸರಕು ಕೊಳೆಯಿತು. ಹಾನಿಗೆ ತಾವು ಹೊಣೆಯಲ್ಲ ಎಂಬ ಷರತ್ತು ರಸೀದಿಯಲ್ಲಿದೆ ಎಂದು ಕೈ ತೊಳೆದುಕೊಂಡರು. ಅಕ್ಕ, ಪಟಾಕಿ ವ್ಯಾಪಾರಿಯ ಕಡೆ. ಅಕ್ಕ ಹುಡುಕಿ ಹುಡುಕಿ ಒಂದು ಹಳೆಯ ತೀರ್ಪು ತೆಗೆದಳು. ಮೂವರು ನ್ಯಾಯಾಧೀಶರು ಕೂತು ಕೇಳಿದ ಪ್ರಕರಣ. ಅದರ ಕೊನೆಯ ಪುಟದಲ್ಲಿ ಸ್ಪಷ್ಟವಾಗಿತ್ತು: ಗೊತ್ತಿದ್ದೂ ಅಜಾಗ್ರತೆ ತೋರಿದವರನ್ನು ಯಾವ ಷರತ್ತೂ ಕಾಯುವುದಿಲ್ಲ, ಗೋದಾಮಿನವರು ನಷ್ಟ ಕಟ್ಟಿಕೊಡಬೇಕು. ಹೇಳಿ ಮಾಡಿಸಿದ ಹಾಗಿತ್ತು. ಲಿಖಿತ ವಾದದ ಹನ್ನೊಂದು ಪುಟಗಳಲ್ಲಿ ಒಂಬತ್ತು ಆ ತೀರ್ಪಿನ ಮೇಲೆಯೇ ನಿಂತವು. ಮೂರು ಪ್ರತಿ ಮಾಡಿಸಿ, ದಾರ ಹಾಕಿ, ಕಚೇರಿಗೆ ಕೊಟ್ಟಾಯಿತು.

ವಾದದ ದಿನ ಬೆಳಿಗ್ಗೆ ಏಳೂವರೆಗೆ ಅವಳು ಬಸ್ಸಿನಲ್ಲಿದ್ದಳು. ಮಾದರಿಯ ಸೀಸೆಯ ಮೇಲಿನ ಚೀಟಿಯನ್ನು ಮೂರು ಸಲ ತಾಳೆ ನೋಡುವ ರೂಢಿಯಂತೆ, ವಾದದಲ್ಲಿ ಬರೆದ ಪುಟಸಂಖ್ಯೆಗಳನ್ನು ತೀರ್ಪಿನ ಪ್ರತಿಯೊಂದಿಗೆ ತಾಳೆ ನೋಡುತ್ತಿದ್ದಳು. ನಲವತ್ತೊಂದು, ಸರಿ. ನಲವತ್ತಮೂರು, ಸರಿ. ಬಸ್ಸು ಹಳ್ಳಕ್ಕೆ ಇಳಿದು ಎದ್ದಾಗ ಹಾಳೆಗಳು ಜಾರಿದವು. ಕೈಗೆ ಬಂದದ್ದು ಮೂವತ್ತೆಂಟನೆಯ ಪುಟ. ಅದರ ನಡುವೆ ಒಂದು ಸಾಲು: ನನ್ನ ಇಬ್ಬರು ಸಹೋದ್ಯೋಗಿಗಳ ತೀರ್ಪನ್ನು ಒಪ್ಪಲು ನನ್ನಿಂದಾಗದು.

ಅವಳು ಹಿಂದಿನ ಪುಟ ತಿರುವಿದಳು.

ತೀರ್ಪು ಮೂವತ್ತೇಳನೆಯ ಪುಟಕ್ಕೇ ಮುಗಿದಿತ್ತು. ಇಬ್ಬರು ನ್ಯಾಯಾಧೀಶರು ಸೇರಿ ಗೋದಾಮಿನವರನ್ನು ಗೆಲ್ಲಿಸಿದ್ದರು. ಅಲ್ಲಿಂದ ಮುಂದಿನದು ಒಪ್ಪದೆ ಉಳಿದ ಮೂರನೆಯವರ ಭಿನ್ನಮತ. ಅದನ್ನು ಕೊನೆಯಲ್ಲಿ ಅಚ್ಚು ಹಾಕುತ್ತಾರೆ. ಅವಳು ನಂಬಿದ್ದ ಕೊನೆಯ ಪುಟ, ಸೋತ ಒಂಟಿ ದನಿಯದು.

ಹತ್ತು ಗಂಟೆಗೆ ವಾದ. ಅವಳು ಬಸ್ಸಿನಲ್ಲೇ ಮೊದಲ ಪುಟದಿಂದ ಓದತೊಡಗಿದಳು. ಇಳಿಯುವ ನಿಲ್ದಾಣ ದಾಟಿಹೋಯಿತು. ಎರಡು ನಿಲ್ದಾಣ ವಾಪಸು ನಡೆದುಕೊಂಡೇ ಓದಿದಳು.

ಕಾಲೇಜಿನ ಮೆಟ್ಟಿಲ ಮೇಲೆ ಪಟಾಕಿ ಇಸ್ತ್ರಿ ಮಾಡಿದ ಕೋಟಿನಲ್ಲಿ ಕಾಯುತ್ತಿದ್ದಳು. ವಿಷಯ ಕೇಳಿದವಳೇ ಬಾಗಿಲ ಬಳಿ ನಿಂತಿದ್ದ ಎದುರು ಪಕ್ಷದ ಇಬ್ಬರ ಕಡೆ ಕಣ್ಣು ಹಾಯಿಸಿದಳು.

"ಅಕ್ಕ, ಆ ಕಡೆಯವರು ಓದಿದ್ರೆ ತಾನೇ? ಅವರ ಮುಖ ನೋಡಿ, ಅವರ ವಾದಾನೇ ಅವರು ಓದಿಲ್ಲ. ಸುಮ್ನಿರಿ."

"ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ ಹಾಗೆ ಆಗುತ್ತೆ."

"ಕುಡೀಲಿ ಬಿಡಿ. ಇಪ್ಪತ್ತೈದು ಬಂದ್ರೆ ಸಾಕು. ನೀವು ಫೇಲಾದ್ರೆ ನಿಮಗೆ ಲ್ಯಾಬಿದೆ. ನನಗೇನಿದೆ?"

ಆ ಮಾತು ನಾಟಿತು. ಲ್ಯಾಬಿನಲ್ಲಿ ತಪ್ಪು ರಿಪೋರ್ಟು ಹೊರಗೆ ಹೋಗಿದೆ ಎಂದು ಗೊತ್ತಾದ ಗಳಿಗೆಯಲ್ಲೇ ವಾರ್ಡಿಗೆ ಫೋನು ಮಾಡಬೇಕು. ಯಾರ ತಪ್ಪು ಎಂಬುದು ಆಮೇಲೆ. ದಾಖಲೆ ಪುಸ್ತಕದಲ್ಲಿ ಅಳಿಸುವ ಹಾಗಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ತಪ್ಪೂ ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಆದರೆ ಅಲ್ಲಿ ಸಹಿ ಅವಳೊಬ್ಬಳದು. ಇಲ್ಲಿ ಅಂಕ ಇಬ್ಬರದು.

"ಎದ್ದು ಹೇಳೋದು ನಾನು," ಎಂದಳು. "ಓದಿದ್ದು ನಾನೊಬ್ಬಳೇ ಅಂತಾನೂ ಹೇಳ್ತೀನಿ. ಆದ್ರೆ ಬಿದ್ದು ಹೋಗೋಕೆ ಹೋಗ್ತಿಲ್ಲ. ಇಪ್ಪತ್ತೊಂಬತ್ತನೇ ಪುಟ ನೋಡು."

ಪಟಾಕಿ ನೋಡಿದಳೋ ಇಲ್ಲವೋ, ಮುಖ ತಿರುಗಿಸಿಕೊಂಡು ಒಳಗೆ ಹೋದಳು.

ಮೂರು ಕುರ್ಚಿಗಳಲ್ಲಿ ನಡುವೆ ನಿವೃತ್ತ ನ್ಯಾಯಾಧೀಶರೊಬ್ಬರು, ಒಂದು ಪಕ್ಕ ಕರಾರು ಮೇಷ್ಟ್ರು, ಇನ್ನೊಂದು ಪಕ್ಕ ಕಾಲೇಜಿನ ಪ್ರಾಂಶುಪಾಲರು. ಫ್ಯಾನು ತಿರುಗುವಾಗ ಹಾಳೆಗಳ ತುದಿ ಎದ್ದು ಬೀಳುತ್ತಿತ್ತು. ಅವಳು ನಿಂತಳು.

"ಸ್ವಾಮಿ, ವಾದ ಶುರು ಮಾಡೋ ಮೊದಲು ಒಂದು ತಿದ್ದುಪಡಿ. ನಮ್ಮ ಲಿಖಿತ ವಾದದ ಎರಡರಿಂದ ಹತ್ತನೇ ಪುಟದವರೆಗೆ ತೀರ್ಪು ಅಂತ ಬರೆದಿರೋದು ತೀರ್ಪಲ್ಲ, ಭಿನ್ನಮತ. ತೀರ್ಪು ನಮಗೆ ವಿರುದ್ಧವಾಗಿದೆ. ಓದಿದ್ದು ನಾನು, ತಪ್ಪೂ ನನ್ನದು. ನನ್ನ ಜೊತೆಗಾರ್ತಿಗೆ ಇವತ್ತು ಬೆಳಿಗ್ಗೆ ಗೊತ್ತಾಯ್ತು."

ಎದುರು ಪಕ್ಷದ ಇಬ್ಬರು ಗಡಿಬಿಡಿಯಿಂದ ಹಾಳೆ ಮಗುಚತೊಡಗಿದರು. ಪಟಾಕಿ ಹೇಳಿದ್ದು ನಿಜ, ಅವರು ಓದಿರಲಿಲ್ಲ. ಮೇಷ್ಟ್ರು ಪೆನ್ನು ಕೆಳಗಿಟ್ಟರು. ನ್ಯಾಯಾಧೀಶರು ಅವಳನ್ನೇ ನೋಡಿದರು.

"ಹಾಗಾದ್ರೆ ನಿಮ್ಮ ಹತ್ತಿರ ಉಳಿದಿರೋದೇನು, ವಕೀಲರೇ? ಕೂತ್ಕೋತೀರಾ?"

"ಇಲ್ಲ ಸ್ವಾಮಿ. ನಮ್ಮನ್ನ ಸೋಲಿಸಿದ ತೀರ್ಪಿನ ಇಪ್ಪತ್ತೊಂಬತ್ತನೇ ಪುಟ ಉಳಿದಿದೆ."

ಅಲ್ಲಿ ಆ ಇಬ್ಬರು ನ್ಯಾಯಾಧೀಶರು ಒಂದು ಮಾತು ಹೇಳಿದ್ದರು: ಸರಕು ಒಪ್ಪಿಸುವ ಮೊದಲೇ ತಿಳಿಸಿದ್ದರೆ ಮಾತ್ರ ಷರತ್ತು ನಿಲ್ಲುತ್ತದೆ. ಹೂವಿನ ವ್ಯಾಪಾರಿಗೆ ರಸೀದಿ ಸಿಕ್ಕಿದ್ದು ಸರಕು ಒಳಗೆ ಹೋಗಿ ಬಾಗಿಲು ಮುಚ್ಚಿದ ಮೇಲೆ. ಷರತ್ತು ಇದ್ದದ್ದು ರಸೀದಿಯ ಹಿಂಬದಿಯಲ್ಲಿ. ಅವಳು ಹೊತ್ತಿನ ಕ್ರಮದಲ್ಲಿ, ಮಾದರಿ ಬಂದದ್ದು, ಪರೀಕ್ಷೆಯಾದದ್ದು ಎಂದು ಹೇಳುವ ಹಾಗೆ ಹೇಳಿಕೊಂಡು ಹೋದಳು. ಏಳು ನಿಮಿಷ. ನ್ಯಾಯಾಧೀಶರು ನಾಲ್ಕು ಸಲ ತಡೆದರು. ವ್ಯಾಪಾರಿ ಹಿಂದೆಯೂ ಅದೇ ಗೋದಾಮಿನಲ್ಲಿ ಸರಕು ಇಟ್ಟು ರಸೀದಿ ಪಡೆದಿದ್ದನಲ್ಲವೇ, ಹೌದೋ ಅಲ್ಲವೋ ಎಂದರು. ಅವಳು ಕೇಸಿನ ಕಾಗದಗಳನ್ನು ಮಗುಚತೊಡಗಿದಳು.

ಅಷ್ಟರಲ್ಲಿ ಪಕ್ಕದಲ್ಲಿ ಕುರ್ಚಿ ಸರಿಯಿತು. ಪಟಾಕಿ ಎದ್ದಿದ್ದಳು. ಹೌದು, ಒಂದು ಸಲ ಇಟ್ಟಿದ್ದ, ಆದರೆ ಆ ರಸೀದಿಯ ಹಿಂಬದಿ ಖಾಲಿಯಿತ್ತು ಎಂದಳು. ಕೇಸಿನ ಕಾಗದಗಳ ನಾಲ್ಕನೆಯ ಹಾಳೆಯಲ್ಲಿದೆ ಎಂದಳು. ಆಮೇಲೆ ಸರ ಪೂರ್ತಿ ಸುಟ್ಟಳು.

ಇಬ್ಬರೂ ಹೊರಗೆ ಬಂದರು. ಪಟಾಕಿ ನೀರಿನ ನಲ್ಲಿಯ ಕಡೆ ಹೋದಳು, ಅವಳು ಬಸ್ಸಿನ ಕಡೆ.

ಫಲಿತಾಂಶಕ್ಕೆ ಹನ್ನೆರಡು ದಿನ ಹಿಡಿಯಿತು. ಹನ್ನೆರಡು ದಿನವೂ ಪಟಾಕಿ ಹಿಂದಿನ ಬೆಂಚಿನಲ್ಲಿ ಕೂತಳು. ಊಟಕ್ಕೆ ಕೂತಾಗ ಅತ್ತೆ ಏನನ್ನೂ ಕೇಳದೆ ಎರಡನೆಯ ಸಲ ಬಡಿಸುತ್ತಿದ್ದರು. ಅದರಿಂದಲೇ ಅವಳಿಗೆ ಹೆಚ್ಚು ಭಯವಾಗುತ್ತಿತ್ತು. ಹದಿಮೂರನೆಯ ದಿನ ಅವಳು ಲ್ಯಾಬಿನಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದಾಗ ಫೋನು ಬಂತು. ಆ ಕಡೆಯಿಂದ ಕಾಲೇಜಿನ ಗದ್ದಲ, ಯಾರೋ ನೋಟಿಸ್ ಬೋರ್ಡಿನ ಮುಂದೆ ತಳ್ಳಾಡುವ ಸದ್ದು. ಪಟಾಕಿ ಏದುಸಿರು ಬಿಡುತ್ತಿದ್ದಳು.

"ಅಕ್ಕ, ಲಿಖಿತ ವಾದಕ್ಕೆ ಇಪ್ಪತ್ತೈದಕ್ಕೆ ಆರು. ಮೇಷ್ಟ್ರು ಕರುಣೆ ಇಲ್ಲದ ಮನುಷ್ಯ."

ಅವಳು ಕೈಯಲ್ಲಿದ್ದ ಸೀಸೆಯನ್ನು ಮೆಲ್ಲಗೆ ಕೆಳಗಿಟ್ಟಳು. ಉಳಿದದ್ದನ್ನು ಕೇಳಲು ಧೈರ್ಯ ಸಾಲಲಿಲ್ಲ. ಗೋಡೆಯ ಮೇಲೆ ಮುಂದಿನ ತಿಂಗಳ ಪಾಳಿಯ ಪಟ್ಟಿ ಇತ್ತು. ಅವಳ ಹೆಸರಿನ ಮುಂದಿನ ಜಾಗ ಖಾಲಿಯಿತ್ತು.

"ಕೇಳಿಸ್ತಾ? ಬಾಯಿಗೆ ಇಪ್ಪತ್ತು. ಹೇಗೋ ದಾಟಿದ್ವಿ," ಎಂದಳು ಪಟಾಕಿ. ಆಮೇಲೆ, "ಮುಂದಿನ ವರ್ಷಾನಾದ್ರೂ ಮೊದಲನೇ ಪುಟದಿಂದ ಓದಿ ಅಕ್ಕ," ಎಂದಳು.