ನಮ್ಮ ವಖಾರದಲ್ಲಿ ಕೂಡಿದ ಶಾಲೆ

ನಾನು ಚಿಕ್ಕವನಿದ್ದಾಗ, ಹುಬ್ಬಳ್ಳಿಯಲ್ಲಿ ನಮ್ಮ ಓಣಿಯ ಕನ್ನಡ ಶಾಲೆಯ ಮಾಡು ಒಂದು ಶ್ರಾವಣದ ಮಳೆಗೆ ಕುಸಿದು ಬಿತ್ತು. ಪುಣ್ಯಕ್ಕೆ ಅಂದು ರವಿವಾರ, ಒಳಗೆ ಯಾರೂ ಇರಲಿಲ್ಲ. ಮಳೆಗಾಲ ಮುಗಿಯುವವರೆಗೆ ರಿಪೇರಿ ಆಗುವುದಿಲ್ಲ ಎಂದು ಮುನ್ಸಿಪಾಲ್ಟಿಯವರು ಹೇಳಿ ಕಳಿಸಿದರು. ಹಿರಿಯರೆಲ್ಲ ನಮ್ಮ ಕಟ್ಟೆಯ ಮೇಲೆ ಕೂತು ಚಿಂತೆ ಮಾಡುವಾಗ, ಹತ್ತಿ ವ್ಯಾಪಾರಿಯಾಗಿದ್ದ ನಮ್ಮ ಅಪ್ಪ, "ನಮ್ಮ ವಖಾರ ಖಾಲಿ ಬಿದ್ದೈತಿ. ಹುಡುಗ್ರು ಅಲ್ಲೇ ಕೂಡ್ಲಿ" ಎಂದುಬಿಟ್ಟ.

ವಖಾರವೆಂದರೆ ಹತ್ತಿಯ ಅಂಡಿಗೆಗಳನ್ನು, ಅಂದರೆ ದೊಡ್ಡ ಮೂಟೆಗಳನ್ನು, ಒಟ್ಟುವ ಕಟ್ಟಡ. ಎರಡು ದಿನ ಓಣಿಗೆ ಓಣಿಯೇ ಅಲ್ಲಿ ನೆರೆಯಿತು. ಬಡಿಗ ಕಾಕಾ ಕರಿಹಲಗೆಗೆ ಕಾಲು ಹಚ್ಚಿಕೊಟ್ಟ. ಕುಂಬಾರರ ಮನೆಯಿಂದ ನೀರಿನ ಕೊಡ ಬಂತು. ನನ್ನ ಪಕ್ಕದಲ್ಲಿ ಕೂಡುತ್ತಿದ್ದ ಗೆಳೆಯನ ಅವ್ವ ಹತ್ತಿ ಗಿರಣಿಯ ಕೆಲಸ ಮುಗಿಸಿ ನೇರ ಬಂದವಳೇ, ಸೀರೆ ಎತ್ತಿಕಟ್ಟಿ, ಅಷ್ಟಗಲದ ನೆಲವನ್ನು ಅರ್ಧಕ್ಕಿಂತ ಹೆಚ್ಚು ತಾನೊಬ್ಬಳೇ ಸೆಗಣಿ ಹಾಕಿ ಸಾರಿಸಿದಳು. ಅವಳ ತಲೆಗೂದಲಲ್ಲಿ ಅರಳೆಯ ಎಳೆಗಳು ಸಿಕ್ಕಿಕೊಂಡಿದ್ದವು. ಮರುದಿನ ನಾವು ಹೋದಾಗ ಹಸಿ ಸೆಗಣಿ, ತೊಯ್ದ ಗೋಣಿತಟ್ಟು, ಹತ್ತಿಕಾಳು ಎಲ್ಲ ಕೂಡಿ ಒಂದು ಬೆಚ್ಚನೆಯ ವಾಸನೆ.

ಎಲ್ಲರೂ ಅಪ್ಪನನ್ನು ಹೊಗಳುವವರೇ. ಆ ಹೊಗಳಿಕೆ ನನ್ನ ತಲೆಗೇರಿತು. ಬಾಗಿಲಲ್ಲಿ ನಿಂತು, ಯಾರು ಎಲ್ಲಿ ಕೂಡಬೇಕೆಂದು ಕೈ ಮಾಡಿ ತೋರಿಸತೊಡಗಿದೆ.

ವಾರ ಕಳೆದಿರಬೇಕು. ಮಾಸ್ತರರು ಮಗ್ಗಿ ಕೇಳುತ್ತಿದ್ದರು. "ಹದಿನೇಳ ಎಂಟ್ಲೆ ಎಷ್ಟೋ?" ಎಂದು ನನ್ನನ್ನು ಎಬ್ಬಿಸಿದರು. ನನಗೆ ಬರಲಿಲ್ಲ. ಪಕ್ಕದ ಗೆಳೆಯ ತಟ್ಟನೆ, "ನೂರಾ ಮೂವತ್ತಾರು ರೀ" ಎಂದ. ಉತ್ತರ ಹೇಳಿದವನು ಹೇಳದವನ ಮೂಗು ಹಿಂಡಬೇಕು, ಆಗಿನ ಪದ್ಧತಿ ಅದು. ಅವನು ಬಹಳ ಮೆತ್ತಗೆ, ಮುಟ್ಟಿಯೂ ಮುಟ್ಟದ ಹಾಗೆ ಹಿಂಡಿದ. ಆದರೂ ಹುಡುಗರು ನಕ್ಕರು.

ನನ್ನ ಕಿವಿ ಕಾದುಹೋದವು. "ಇದು ನಮ್ಮ ವಖಾರ! ನಿನಗ ಇಲ್ಲಿ ಜಾಗಾ ಇಲ್ಲ, ಹೊರಗ ನಡಿ!" ಎಂದು ಚೀರಿದೆ.

ಅವನು ನನ್ನ ಮುಖ ನೋಡಿದ. ಪಾಟಿಚೀಲ ಎತ್ತಿಕೊಂಡ. ಮಾಸ್ತರರು ಕೂಗಿದರೂ ನಿಲ್ಲದೆ ಮಳೆಯಲ್ಲಿ ಹೊರಟುಹೋದ.

ಮಾಸ್ತರರು ಹೊಡೆಯುತ್ತಾರೆಂದು ನಾನು ಅಂಗೈ ಬಿಗಿಹಿಡಿದು ನಿಂತೆ. ಅವರು ಹೊಡೆಯಲಿಲ್ಲ. "ವಖಾರ ಇದ್ದವರಷ್ಟ ಇಲ್ಲಿ ಕೂಡೂದಾದ್ರ, ನಾನೂ ಹೊರಗ ಹೋಗಬೇಕಲ್ಲೋ ತಮ್ಮಾ" ಎಂದು, ಕರಿಹಲಗೆಯನ್ನು ಹೆಗಲಿಗೇರಿಸಿ ನಡೆದರು. ಹುಡುಗರೆಲ್ಲ ಅವರ ಹಿಂದೆ. ಎದುರಿನ ಬೇವಿನ ಮರದ ಕೆಳಗೆ, ಜಿಟಿಜಿಟಿ ಹನಿಯುವ ಮಳೆಯಲ್ಲಿ ಪಾಠ ಮುಂದುವರಿಯಿತು. ಅಷ್ಟು ದೊಡ್ಡ ವಖಾರದಲ್ಲಿ ನಾನೊಬ್ಬನೇ ಉಳಿದೆ.

ಸುದ್ದಿ ಕೇಳಿ ಅಪ್ಪ ಓಡಿ ಬಂದ. ಮಳೆಯಲ್ಲೇ ನಿಂತು ಮಾಸ್ತರರಿಗೆ ಕೈ ಮುಗಿದ. "ತಪ್ಪಾತ್ರಿ ಮಾಸ್ತರ. ಇದು ಈಗ ಸಾಲಿ. ಕೀಲಿ ನಿಮ್ಮ ಹತ್ರನ ಇರ್ಲಿ" ಎಂದು ಸೊಂಟದಿಂದ ಬಿಚ್ಚಿ ಕೊಟ್ಟ. ನನ್ನ ಕಡೆ ತಿರುಗಿ ಇಷ್ಟೇ ಅಂದ: "ಅವನ ಮನಿಗೆ ಹೋಗು. ತಪ್ಪಾತು ಅಂತ ಹೇಳಿ ಬಾ."

ಸಂಜೆ ಹೋದೆ. ಗೆಳೆಯ ಒಲೆಯ ಮುಂದೆ ಕೂತು ಅಂಗಿ ಒಣಗಿಸಿಕೊಳ್ಳುತ್ತಿದ್ದ. ಅವನ ಅವ್ವ ನನ್ನನ್ನು ನೋಡಿ, "ಬಾರಪ್ಪಾ, ಬಾ. ಇವತ್ತ ಸಾಲಿ ಲಗೂ ಬಿಟ್ರಂತಲ್ಲ?" ಎಂದಳು. ಅವನು ಮನೆಯಲ್ಲಿ ಏನೂ ಹೇಳಿರಲಿಲ್ಲ! ಅವಳು ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಎಣ್ಣೆ ಹಾಕಿ ನನ್ನ ಕೈಗಿತ್ತಳು. "ನಿಮ್ಮಪ್ಪಾರು ದೊಡ್ಡ ಮನಸ್ಸು ಮಾಡಿದ್ರು ನೋಡು. ಇಲ್ಲಂದ್ರ ಈ ಮಳ್ಯಾಗ ನಮ್ಮ ಹುಡುಗ್ರು ಎಲ್ಲಿ ಕಲೀತಿದ್ವು?"

ಗೆಳೆಯ ನನ್ನನ್ನೇ ನೋಡುತ್ತಿದ್ದ. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಹೇಳಿದರೆ ಅವಳಿಗೂ ಗೊತ್ತಾಗುತ್ತದಲ್ಲ! ರೊಟ್ಟಿ ತಿಂದೆ, ನೀರು ಕುಡಿದೆ, ಎದ್ದು ಬಂದೆ. "ಹೇಳಿದ್ಯಾ?" ಎಂದು ಅಪ್ಪ ಕೇಳಿದಾಗ ಹೌದೆಂದು ತಲೆ ಆಡಿಸಿದೆ. ಅಪ್ಪ ನಂಬಿ ನನ್ನ ಬೆನ್ನು ಸವರಿದ. ಆ ಸವರಿಕೆಯಷ್ಟು ಉರಿದ ಏಟು ನಾನು ಬೇರೆ ತಿಂದಿಲ್ಲ.

ಮರುದಿನ ಅವನು ಶಾಲೆಗೆ ಬಂದ, ಆದರೆ ನನ್ನಿಂದ ದೂರ, ವಖಾರದ ಆಚೆ ಗೋಡೆಯ ಬದಿಗೆ ಕೂತ. ಮುಂದಿನ ವರ್ಷ ಅವರು ಗಿರಣಿ ಕೆಲಸಕ್ಕೆಂದು ಸೋಲಾಪುರಕ್ಕೆ ಹೋದರು. ನಾನು ಹೇಳಬೇಕಾದದ್ದನ್ನು ಹೇಳಲೇ ಇಲ್ಲ.

ಮೊಮ್ಮಕ್ಕಳೇ, ನಿಮ್ಮ ಶಾಲೆಗೆ ಗಟ್ಟಿ ಸ್ಲ್ಯಾಬಿದೆ, ತಲೆಯ ಮೇಲೆ ಫ್ಯಾನು ತಿರುಗುತ್ತದೆ, ಬಾಗಿಲಿಗೇ ಬಸ್ಸು ಬರುತ್ತದೆ. ನೋಡಿ ನನಗೆ ಸಂತೋಷವೇ. ಆದರೆ ಮೊನ್ನೆ ನಿಮ್ಮ ಗೆಳೆಯರೆಲ್ಲ ಮನೆಗೆ ಬಂದಾಗ ನೋಡಿದೆ: ಎಲ್ಲರೂ ನಮ್ಮಂಥ ಉಳ್ಳವರ ಮನೆಯವರೇ. ಗಿರಣಿಯವಳ ಮಗನೊಬ್ಬ ನಿಮ್ಮ ಪಕ್ಕದಲ್ಲಿ ಕೂಡುವ ಹಾಗೆಯೇ ಇಲ್ಲ. ನನ್ನ ಪಕ್ಕದಲ್ಲಿ ಒಬ್ಬ ಕೂತಿದ್ದ. ನಾನೇ ಎಬ್ಬಿಸಿ ಕಳಿಸಿದೆ.