ತೀರ್ಥಹಳ್ಳಿಗೆ ಹೊತ್ತು ಹೋದ ಫೈಲು

ಸಾಗರದಿಂದ ಬೆಳಿಗ್ಗೆ ಏಳೂಕಾಲಕ್ಕೆ ಹೊರಡುವ ಖಾಸಗಿ ಬಸ್ಸು ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುತ್ತದೆ. ಕಳೆದ ಮಾಘದ ಒಂದು ಗುರುವಾರ ನಾನು ಅದರಲ್ಲಿ ಎಡಬದಿಯ ಕಿಟಕಿ ಹಿಡಿದು ಕುಳಿತೆ. ತೊಡೆಯ ಮೇಲೆ ನಾಲ್ಕು ವರ್ಷಗಳ ಫೈಲು ಇತ್ತು. ರಕ್ತದ ವರದಿಗಳು, ಸ್ಕ್ಯಾನಿಂಗ್ ಚಿತ್ರಗಳು, ಗರ್ಭನಾಳದ ಎಕ್ಸ್‌ರೇ ಎಲ್ಲವೂ ನನ್ನವೇ. ಮಗುವಾಗದ ಕಾರಣ ತಿಳಿಯಲು ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡುವ ಶಸ್ತ್ರಚಿಕಿತ್ಸೆ ಆಗಬೇಕೆಂದು ಹಿಂದಿನ ವೈದ್ಯರು ಹೇಳಿದ್ದರು. ಅದು ನಿಜಕ್ಕೂ ಬೇಕೇ ಎಂದು ನನಗೆ ವಿವರಿಸಿ ಹೇಳುವ ವೈದ್ಯರನ್ನು ಹುಡುಕಿ ಹೊರಟಿದ್ದೆ.

ಹಿಂದಿನ ವೈದ್ಯರ ತಪ್ಪುಗಳನ್ನು ಹೆಸರಿಟ್ಟು ಹೇಳುವುದು ನನ್ನ ಕರ್ತವ್ಯ. ಅವರು ನನ್ನ ದೇಹದ ವಿಷಯವನ್ನು ನನ್ನ ಅತ್ತೆಯ ಮುಖ ನೋಡಿ ಮಾತನಾಡುತ್ತಿದ್ದರು. ಯಾವ ಮಾತ್ರೆ ಯಾತಕ್ಕೆಂದು ಕೇಳಿದರೆ, “ಓದಿದವರದ್ದು ಇದೇ ತಾಪತ್ರಯ” ಎನ್ನುತ್ತಿದ್ದರು. ಎಕ್ಸ್‌ರೇ ಮೇಜಿನ ಮೇಲೆ ನಾನು ನೋವಿನಿಂದ ಕೂಗಿದಾಗ, “ಇಷ್ಟಕ್ಕೇ ಕಿರುಚಿದ್ರೆ ನಾಳೆ ಹೆರೋದು ಹೆಂಗಮ್ಮ?” ಎಂದಿದ್ದರು. ಅಲ್ಲಿದ್ದ ನರ್ಸ್ ನಕ್ಕಿದ್ದಳು. ಅವಳ ನಗುವೂ ತಪ್ಪುಗಳ ಪಟ್ಟಿಯಲ್ಲಿದೆ.

ಬಟ್ಟೆಮಲ್ಲಪ್ಪ ದಾಟುವವರೆಗೂ ಮಂಜು ಇತ್ತು. ರಸ್ತೆಯ ಬದಿಯ ಮಾವಿನ ಮರಗಳು ಹೂ ಹೊತ್ತು ನಿಂತಿದ್ದವು. ಹೊಸನಗರದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಬನ್ಸ್ ತಿಂದು ಚಹಾ ಕುಡಿದು ಮರಳುವಷ್ಟರಲ್ಲಿ ಸುಜಾತ ನನ್ನ ಪಕ್ಕದ ಸೀಟಿಗೆ ಬಂದಾಗಿತ್ತು. ತೀರ್ಥಹಳ್ಳಿಯ ವೈದ್ಯೆಯ ವಿಷಯ ನನಗೆ ತಿಳಿಸಿದವಳು ಅವಳೇ. ಹೊಸನಗರದಲ್ಲಿ ಹೊಲಿಗೆಯಂಗಡಿ ಇಟ್ಟಿದ್ದಾಳೆ, ಈಗ ಏಳು ತಿಂಗಳ ಬಸುರಿ. ಗೂಡ್ಸ್ ಆಟೋ ಓಡಿಸುವ ಅವಳ ಗಂಡ ರಮೇಶ ಬಸ್ಸಿನೊಳಗೇ ಹತ್ತಿ ಅವಳ ಬೆನ್ನಿಗೆ ದಿಂಬು ಇಡುತ್ತಿದ್ದ.

“ಸಾಕು ಮಾರಾಯ್ರೆ, ಇಳೀರಿ. ಬಸ್ ಹೊರಟ್ರೆ ನೀವೂ ತೀರ್ಥಹಳ್ಳಿಗೇ ಬರ್ಬೇಕಾಗ್ತದೆ” ಎಂದು ಅವಳು ಗದರಿದಳು.

“ಬಂದ್ರೇನೀಗ? ನಂಗೇನು ದಾರಿ ಗೊತ್ತಿಲ್ವಾ?” ಎಂದ ಅವನು, ಇಳಿಯುತ್ತಾ.

ನನಗೆ ಹೊಟ್ಟೆಕಿಚ್ಚಾಯಿತು. ಇದಕ್ಕಿಂತ ಸಭ್ಯವಾದ ಪದವನ್ನು ಹುಡುಕಿದರೆ ಅದು ಅಪ್ರಾಮಾಣಿಕತೆಯಾಗುತ್ತದೆ. ಅವಳ ಬಸಿರಿಗಿಂತ ಆ ದಿಂಬಿನ ಮೇಲೆ ಹೆಚ್ಚು ಕಿಚ್ಚಾಯಿತು.

ಅದಕ್ಕೆ ಕಾರಣವಿದೆ. ಹಳ್ಳಿಹಳ್ಳಿಗೆ ಹೋಗಿ ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ಮಾತನಾಡುವ ಸಂಘವೊಂದರಲ್ಲಿ ನಾನಿದ್ದೇನೆ. ಎರಡು ವರ್ಷಗಳ ಹಿಂದೆ ಹೊಸನಗರದ ಸಭೆಯಲ್ಲಿ, ಮಗುವಾಗದಿದ್ದರೆ ಗಂಡಹೆಂಡಿರಿಬ್ಬರಿಗೂ ಪರೀಕ್ಷೆಯಾಗಬೇಕು, ಗಂಡಸಿನದು ಮೊದಲು ಆದರೂ ತಪ್ಪಿಲ್ಲ ಎಂದು ಹೇಳಿದ್ದೆ. ಹೆಂಡತಿಯನ್ನು ಕರೆದೊಯ್ಯಲು ಬಂದ ರಮೇಶ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ. ಮರುವಾರವೇ ತೀರ್ಥಹಳ್ಳಿಗೆ ಹೋಗಿ ತನ್ನ ಪರೀಕ್ಷೆ ಮಾಡಿಸಿಕೊಂಡ. ದೋಷವಿದ್ದದ್ದು ಅವನಲ್ಲಿ. ಚಿಕಿತ್ಸೆಗೆ ಬಗ್ಗಿತು. ನನ್ನ ಮಾತಿನ ಫಲ ನನ್ನ ಪಕ್ಕದ ಸೀಟಿನಲ್ಲಿ ಕುಳಿತು ಕಿತ್ತಳೆ ಸುಲಿಯುತ್ತಿತ್ತು.

“ಅಕ್ಕ, ಮುಂದಿನ ಭಾನುವಾರ ನಂಗೆ ಹೂ ಮುಡಿಸ್ತಾರೆ. ನೀವೇ ಮೊದಲು ಮುಡಿಸ್ಬೇಕು” ಎಂದಳು ಅವಳು, ಎರಡು ತೊಳೆ ನನ್ನ ಕೈಗಿಡುತ್ತಾ.

ನಮ್ಮಲ್ಲಿ ಬಸುರಿಗೆ ಹೂ ಮುಡಿಸಲು ಮಕ್ಕಳಿರುವ ಮುತ್ತೈದೆಯರನ್ನು ಮೊದಲು ಕರೆಯುತ್ತಾರೆ. ನನ್ನಂಥವರಿಗೆ ಆ ಹೊತ್ತಿನಲ್ಲಿ ಊಟಕ್ಕೆ ಎಲೆ ಹಾಕುವ ಕೆಲಸ ಒಪ್ಪಿಸಿಬಿಡುತ್ತಾರೆ. ಅದು ಅನ್ಯಾಯವೆಂದು ನಾನು ವೇದಿಕೆಗಳಲ್ಲಿ ಹೇಳಿದ್ದೇನೆ.

“ನಿಮ್ಮತ್ತೆ ಏನಂತಾರೆ?” ಎಂದು ಕೇಳಿದೆ.

“ಅವ್ರಿಗೆ ಇವ್ರು ಹೇಳಿ ಆಯ್ತು. ಅಕ್ಕ ಬರ್ದೇ ಇದ್ರೆ ಶಾಸ್ತ್ರನೇ ಬೇಡ ಅಂದ್ರು.”

ಕಿತ್ತಳೆ ಬಾಯಲ್ಲಿ ಹುಳಿಯಾಯಿತು. ಅವಳ ಒಳ್ಳೆಯತನವೂ ನನಗೆ ಸಹಿಸಲಾಗಲಿಲ್ಲ.

ತೀರ್ಥಹಳ್ಳಿ ತಲುಪಿದಾಗ ಬಿಸಿಲು ಏರಿತ್ತು. ಆಸ್ಪತ್ರೆ ಎರಡು ಕೋಣೆಗಳದ್ದು, ಹೊರಗೆ ಸಿಮೆಂಟಿನ ಬೆಂಚು. ಸುಜಾತ ಮೊದಲು ಒಳಗೆ ಹೋದಳು. ಬಾಗಿಲಾಚೆ ಇಬ್ಬರೂ ನಗುವುದು ಕೇಳಿಸಿತು. ವೈದ್ಯರ ಕೋಣೆಯಲ್ಲಿ ಹೆಂಗಸೊಬ್ಬಳು ನಗಬಹುದೆಂಬುದೇ ನನಗೆ ಗೊತ್ತಿರಲಿಲ್ಲ.

ವೈದ್ಯೆಗೆ ಅರವತ್ತರ ಹತ್ತಿರದ ವಯಸ್ಸು. “ಕೂತ್ಕೊಳಿ. ಜೊತೆಗೆ ಯಾರು ಬಂದಿದಾರೆ?” ಎಂದು ಕೇಳಿದರು.

“ಯಾರೂ ಇಲ್ಲ. ಒಬ್ಬಳೇ.”

“ಒಳ್ಳೇದಾಯ್ತು. ನಿಮ್ಮ ಹತ್ರಾನೇ ಮಾತಾಡ್ಬೋದು.”

ಫೈಲನ್ನು ಒಂದೊಂದೇ ಹಾಳೆಯಾಗಿ ಓದಿದರು. ಎಕ್ಸ್‌ರೇ ಬಂದಾಗ ಕನ್ನಡಕ ತೆಗೆದು, “ತುಂಬ ನೋವಾಯ್ತಾ?” ಎಂದರು. ನಾಲ್ಕು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು. “ಆಯಿತು” ಎಂದೆ.

ಕೊನೆಯ ಹಾಳೆ ಮಗುಚಿ, “ನಿಮ್ಮ ಯಜಮಾನ್ರ ರಿಪೋರ್ಟ್ ಎಲ್ಲಿ?” ಎಂದರು.

“ಇಲ್ಲ.”

“ಕಳ್ದೋಯ್ತಾ? ಮಾಡ್ಸೇ ಇಲ್ವಾ?”

“ಮಾಡಿಸಿಲ್ಲ.”

“ನೀವು ಊರೂರಲ್ಲಿ ಭಾಷಣ ಮಾಡೋರಂತೆ, ಸುಜಾತ ಹೇಳಿದ್ಲು. ಮನೇಲೊಂದು ಮಾಡಿಲ್ವಾ?”

ನಾನು ತಲೆ ತಗ್ಗಿಸಿದೆ. ಅವರು ನೀರಿನ ಲೋಟ ನನ್ನತ್ತ ಸರಿಸಿದರು. “ಬಯ್ತಾ ಇಲ್ಲಮ್ಮ. ಅವ್ರ ಪರೀಕ್ಷೆಗೆ ಒಂದು ಸೂಜೀನೂ ಚುಚ್ಚಲ್ಲ. ಅದನ್ನ ಬಿಟ್ಟು ನಿಮ್ಮ ಹೊಟ್ಟೆ ಕೊಯ್ಯಕ್ಕೆ ಹೊರಟಿದಾರಲ್ಲ, ಅದಕ್ಕೆ ನಾನು ಒಪ್ಪಲ್ಲ. ಅವ್ರದ್ದು ಬರ್ಲಿ, ಆಮೇಲೆ ಯೋಚ್ನೆ ಮಾಡಣ. ಹೆಸರು ಹೇಳಿ.”

“ಸುಧಾಕರ” ಎಂದೆ. ಪರೀಕ್ಷೆಯ ಚೀಟಿಯ ಮೇಲೆ ನನ್ನ ಗಂಡನ ಹೆಸರು ಬಿದ್ದದ್ದು ಅದೇ ಮೊದಲು.

ಮಧ್ಯಾಹ್ನದ ಬಸ್ಸು ಊರು ದಾಟುವಷ್ಟರಲ್ಲಿ ಸುಜಾತ ನಿದ್ದೆ ಹೋಗಿದ್ದಳು. ನಾನು ತಪ್ಪುಗಳ ಪಟ್ಟಿಯನ್ನು ಮನಸ್ಸಿನಲ್ಲೇ ಮತ್ತೆ ನೋಡಿದೆ. ಅದರಲ್ಲಿ ನನ್ನದೊಂದು ಬಿಟ್ಟುಹೋಗಿತ್ತು. ಸುಧಾಕರ ಪ್ರೌಢಶಾಲೆಯ ಮೇಷ್ಟರು. ನನ್ನ ಸಭೆಗಳ ಭಿತ್ತಿಪತ್ರಗಳನ್ನು ಬರೆದುಕೊಡುವವರು ಅವರೇ. “ಇಬ್ಬರಿಗೂ ಪರೀಕ್ಷೆ” ಎಂಬ ಹಾಳೆಯನ್ನೂ ಅವರೇ ದುಂಡಗೆ ಬರೆದದ್ದು. ಅತ್ತೆ ಒಮ್ಮೆ, “ನನ್ ಮಗನಿಗೆ ಎಂಥದೂ ಇಲ್ಲ” ಎಂದಾಗ ಅವರ ಮುಖ ಕಪ್ಪಿಟ್ಟಿತು. ನಾನೇ ಮುಂದೆ ಬಿದ್ದು, “ನನ್ನದೇ ಏನೋ ಇರಬೇಕು” ಎಂದುಬಿಟ್ಟೆ. ಆಮೇಲೆ ಒಂದು ದಿನವೂ ಅವರನ್ನು ಕೇಳಲಿಲ್ಲ. ಅದನ್ನು ಪ್ರೀತಿಯೆಂದು ತಿಳಿದಿದ್ದೆ. ಕೇಳಿದರೆ ಒಲ್ಲೆನೆಂದಾರು ಎಂಬ ಭಯ ಅದರೊಳಗೆ ಇತ್ತು.

ಹೊಸನಗರದಲ್ಲಿ ರಮೇಶ ಕಾಯುತ್ತಿದ್ದ. ದಿಂಬು ಎತ್ತಿಕೊಂಡು, “ಸರ್ ಬರ್ಲಿಲ್ವಾ ಅಕ್ಕ?” ಎಂದು ಕೇಳಿದ. ಈ ಪ್ರಶ್ನೆಗೆ ಶಾಲೆಯ ಕೆಲಸವೆಂಬ ಉತ್ತರ ನನ್ನಲ್ಲಿ ಸದಾ ಸಿದ್ಧವಿರುತ್ತಿತ್ತು.

“ನಾನು ಕರೆಯಲಿಲ್ಲ” ಎಂದೆ.

“ಕರೀರಿ ಅಕ್ಕ. ನಂಗೂ ಕಾಲು ನಡುಗ್ತಿತ್ತು. ಬೇಕಾದ್ರೆ ಆ ದಿನ ನಾನೂ ಬಂದು ಹೊರಗೆ ಕೂತಿರ್ತೀನಿ.”

ಅವನ ಕಾಲೂ ನಡುಗಿತ್ತೆಂಬುದು ನನಗೆ ಹೊಸ ಸಂಗತಿ. ಭಾನುವಾರ ಬರುತ್ತೇನೆಂದು ಸುಜಾತಳಿಗೆ ಹೇಳಿದೆ. ಕಿಚ್ಚು ಆರಿದ್ದರಿಂದ ಹೇಳಿದ ಮಾತಲ್ಲ ಅದು. ಹಿಂದಿನ ಕಿಟಕಿಯಲ್ಲಿ ಅವರಿಬ್ಬರೂ ಚಿಕ್ಕದಾಗಿ ಕಾಣುವವರೆಗೆ ನೋಡಿದೆ, ಕಿಚ್ಚು ಹಾಗೇ ಇತ್ತು.

ಸಾಗರದಲ್ಲಿ ಸುಧಾಕರ ಎಂದಿನಂತೆ ಸ್ಕೂಟರಿನೊಂದಿಗೆ ನಿಂತು ಫೈಲಿಗೆ ಕೈ ಚಾಚಿದರು. ನಾನು ಫೈಲನ್ನು ಕಂಕುಳಲ್ಲೇ ಇಟ್ಟುಕೊಂಡು ಚೀಟಿಯನ್ನು ಕೊಟ್ಟೆ. ಅವರು ಬಿಡಿಸಿ ಓದಿದರು. ಮತ್ತೊಮ್ಮೆ ಓದಿದರು.

“ಇದು ನನ್ನ ಹೆಸರು.”

“ಹೌದು. ಮೊದಲೇ ಕೇಳಬೇಕಿತ್ತು, ಕೇಳಲಿಲ್ಲ. ಈಗ ಕೇಳ್ತಿದ್ದೀನಿ.”

ಅವರು ಚೀಟಿಯನ್ನು ಮಡಚಿ ಅಂಗಿಯ ಜೇಬಿಗಿಟ್ಟು ಸ್ಕೂಟರ್ ಹತ್ತಿದರು. ಹಿಂದೆ ಕುಳಿತ ನನಗೆ ಅವರ ಮುಖ ಕಾಣುತ್ತಿರಲಿಲ್ಲ. ನಮ್ಮ ಬೀದಿಯ ತಿರುವಿನಲ್ಲಿ ಸ್ಕೂಟರ್ ನಿಧಾನವಾಯಿತು.

“ಅಲ್ಲಿಗೆ ಬಸ್ಸು ಎಷ್ಟು ಹೊತ್ತಿಗೆ?” ಎಂದರು.

“ಏಳೂಕಾಲಕ್ಕೆ” ಎಂದೆ. “ಎಡಗಡೆ ಕೂತರೆ ಮಾವಿನ ಹೂ ಕಾಣತ್ತೆ.”